ಸಿಗದೆ ಹೋದ ಹುಡುಕಾಟಗಳು

ಮೊನ್ನೆ ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ಕೂತು ಕೈಚೀಲದೊಳಗೆ ಬೀಗದ ಕೈ ಹುಡುಕುತ್ತಿದ್ದೆ. ನನ್ನ ಕೈಚೀಲದಲ್ಲಿ ಬೇಕಾದದ್ದು ಸಿಗುವುದಿಲ್ಲ, ಬೇಡವಾದದ್ದು ತಾನಾಗಿ ಹೊರಗೆ ಬರುತ್ತದೆ. ಹಾಗೆ ಹೊರಬಂದ ಒಂದು ನೋಟುಬುಕ್ಕು ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಮಡಿಲಿಗೆ ಬಿದ್ದು ತೆರೆದುಕೊಂಡಿತು. ಎತ್ತಿ ಕೊಡುವ ಮೊದಲು ಅವರು ಒಂದು ಪುಟ ಓದಿಯೇ ಬಿಟ್ಟರು. ತಪ್ಪು ಅವರದ್ದಲ್ಲ, ನನ್ನ ಅಕ್ಷರ ದಪ್ಪ. ಆ ಪುಟದಲ್ಲಿ ಹೀಗಿತ್ತು: ‘ಅಜ್ಜಿಯ ಗೊರಕೆ ನಿಲ್ಲಿಸುವುದು ಹೇಗೆ. ದೆವ್ವಕ್ಕೆ ವಯಸ್ಸಾಗ್ತದಾ. ಬಂಗಡೆಗೆ ನಿದ್ದೆ ಬರ್ತದಾ. ಗಣಿತ ಇಲ್ಲದ ಕೆಲಸ ಯಾವುದು.’ ಅವರು ನೋಟುಬುಕ್ಕನ್ನು ಎರಡು ಬೆರಳಲ್ಲಿ ಹಿಡಿದು ನನಗೆ ಕೊಟ್ಟರು. ಆಮೇಲೆ ಮೆಲ್ಲಗೆ ಅರ್ಧ ಅಡಿ ಆಚೆ ಸರಿದು ಕೂತರು.

ವಿವರಿಸಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಬಸ್ಸು ಬಂತು. ಅವರಿಗೆ ಹೇಳಲಾಗದ್ದನ್ನು ಈಗ ನಿಮಗೆ ಹೇಳುತ್ತೇನೆ. ನೀವಾದರೂ ಆಚೆ ಸರಿಯಬೇಡಿ.

ನಾನು ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ಗ್ರಂಥಪಾಲಕಿ. ಮಕ್ಕಳಿಗೆ ಆ ಪದ ಉದ್ದವಾಯಿತು. ಎಂಟನೇ ಕ್ಲಾಸಿನವರು, ಕನ್ನಡ ಶಾಲೆಯಲ್ಲಿ ಟೀಚರನ್ನು ಕರೆಯುವ ರೂಢಿ ಇನ್ನೂ ಬಿಡದವರು, ನನ್ನನ್ನು ‘ಅಕ್ಕೋರೇ’ ಎನ್ನುತ್ತಾರೆ. ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಮೀಸೆ ಚಿಗುರಿ, ಜಡೆ ಉದ್ದವಾಗಿ ‘ಮೇಡಂ’ ಎನ್ನತೊಡಗುತ್ತಾರೆ. ನನಗೆ ಅಕ್ಕೋರೇ ಎನಿಸಿಕೊಳ್ಳುವುದೇ ಇಷ್ಟ. ಹಾಗೆಂದು ಬಾಯಿಬಿಟ್ಟು ಹೇಳಿಕೊಳ್ಳಲು ಬರುವುದಿಲ್ಲವಲ್ಲ.

ನಾನು ಈ ಕೆಲಸಕ್ಕೆ ಬಂದದ್ದು ಪುಸ್ತಕದ ಮೇಲಿನ ಪ್ರೀತಿಯಿಂದ ಎಂದು ಬಹಳ ಕಡೆ ಹೇಳಿದ್ದೇನೆ. ಪೂರ್ತಿ ನಿಜವಲ್ಲ. ಹೊಳನಗದ್ದೆಯಲ್ಲಿ ನಾನು ಓದಿದ ಕನ್ನಡ ಶಾಲೆಯಲ್ಲಿ ಗ್ರಂಥಾಲಯವೆಂದರೆ ಗಾಜಿನ ಬಾಗಿಲಿನ ಒಂದು ಕಪಾಟು. ಅದರ ಕೀಲಿ ಹೆಡ್ ಮಾಸ್ತರ ಜನಿವಾರದಲ್ಲಿ. ಶನಿವಾರ ಬೆಳಿಗ್ಗೆ ಅವರು ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ, ಜನಿವಾರವನ್ನು ಎಳೆದು, ಸ್ವಲ್ಪ ಬಗ್ಗಿ ಬೀಗ ತೆಗೆಯುತ್ತಿದ್ದರು. ಒಂದು ಪುಸ್ತಕದಿಂದ ಎರಡು ಪುಟ ಓದಿ ಹೇಳಿ, ಮತ್ತೆ ಬಗ್ಗಿ ಬೀಗ ಹಾಕುತ್ತಿದ್ದರು. ಮಿಕ್ಕ ದಿನ ನಾವು ಗಾಜಿಗೆ ಮೂಗು ಒತ್ತಿ ನಿಂತು ಪುಸ್ತಕಗಳ ಬೆನ್ನು ಮಾತ್ರ ಓದುತ್ತಿದ್ದೆವು. ಗಾಜಿನ ಮೇಲೆ ಉಳಿದ ಮೂಗಿನ ಗುರುತು ಯಾರದೆಂದು ಮಾಸ್ತರು ಎತ್ತರ ನೋಡಿ ಪತ್ತೆ ಹಚ್ಚುತ್ತಿದ್ದರು. ನಾನು ಕುಳ್ಳಿ, ಯಾವಾಗಲೂ ಸಿಕ್ಕಿಬೀಳುತ್ತಿದ್ದೆ. ದೊಡ್ಡವಳಾದ ಮೇಲೆ ಪುಸ್ತಕ ಓದಬೇಕೆಂಬ ಆಸೆಗಿಂತ ಆ ಕೀಲಿ ನನ್ನ ಸೊಂಟದಲ್ಲಿರಬೇಕೆಂಬ ಆಸೆಯೇ ಆಗ ಹೆಚ್ಚಿತ್ತೆಂದು ಈಗ ಅನುಮಾನ.

ಕೀಲಿ ಸಿಕ್ಕಿತು. ಸಿಕ್ಕ ಮೇಲೆ ನಾನೂ ಮಾಸ್ತರಂತೆಯೇ ಆದೆ. ಸಿಮೆಂಟು ಚೀಲದ ಕಾಗದದಲ್ಲಿ ಹೊದಿಕೆ ಹಾಕಿದೆ, ಬೇವಿನೆಲೆ ಇಟ್ಟೆ, ಮಳೆಗಾಲ ಮುಗಿದ ಕೂಡಲೇ ಪುಸ್ತಕಗಳನ್ನು ಬಿಸಿಲಿಗೆ ಹರಡಿ ಕಾವಲು ಕೂತೆ. ಒಂದು ಪುಸ್ತಕ ಮನೆಗೆ ಹೋಯಿತೆಂದರೆ ಅದು ವಾಪಸು ಬರುವ ತನಕ ನನ್ನ ಜೀವ ಅದರ ಹಿಂದೆಯೇ. ಎಷ್ಟೋ ವರ್ಷದ ಹಿಂದೆ ಹೊಳೆಯಾಚೆಯ ಕಾಸರಕೋಡಿನ ಒಬ್ಬ ಹುಡುಗ ತಂದುಕೊಟ್ಟ ಪುಸ್ತಕದ ನಡುವೆ ಒಂದು ಮೀನಿನ ಪೊರೆ ಸಿಕ್ಕಿತು. ಜೊತೆಗೆ ಒಣಮೀನಿನ ವಾಸನೆ. ಅದೇ ದಿನ ಶಾಲೆಗೆ ಬಂದ ಯಾರೋ ಸಾಹೇಬರು ಕಪಾಟಿನ ಹತ್ತಿರ ಮೂಗು ಮುಚ್ಚಿ, ‘ಇದೇನು ಲೈಬ್ರರಿಯೋ ಮೀನು ಮಾರ್ಕೆಟ್ಟೋ’ ಎಂದು ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಕಾಸರಕೋಡಿನ ಮೀನುಗಾರರ ಮನೆಯ ಮಕ್ಕಳಿಗೆ ಪುಸ್ತಕ ಇಲ್ಲೇ ಕೂತು ಓದಲು ಮಾತ್ರ. ಈ ನಿಯಮವನ್ನು ಎಲ್ಲೂ ಬರೆಯಲಿಲ್ಲ, ಯಾರಿಗೂ ಹೇಳಲಿಲ್ಲ. ಅವರು ಕೇಳಿದಾಗ ‘ಇಲ್ಲೇ ಓದು, ಮನೆಗೆ ಎಂತಕ್ಕೆ?’ ಎನ್ನುತ್ತಿದ್ದೆ, ಅದೂ ನಗುಮುಖದಿಂದ.

ಹಾಗೆಂದು ನಾನೇನೂ ಮೀನು ಮುಟ್ಟದವಳಲ್ಲ. ಒಣ ಶೆಟ್ಲಿ ಚಟ್ನಿ ಇದ್ದರೆ ನನಗೆ ಗಂಜಿಗೆ ಬೇರೆ ಏನೂ ಬೇಡ. ಆ ಸೀಗಡಿ ಚಟ್ನಿಯನ್ನು ಡಬ್ಬಿಯಲ್ಲಿ ಶಾಲೆಗೂ ತಂದು ಗ್ರಂಥಾಲಯದ ಮೇಜಿನ ಮೇಲೇ ಉಂಡಿದ್ದೇನೆ. ಒಣಮೀನು ನನ್ನ ತಟ್ಟೆಯಲ್ಲಿದ್ದರೆ ಘಮ, ಪುಸ್ತಕದಲ್ಲಿದ್ದರೆ ನಾತ. ಇದರಲ್ಲಿ ಏನೋ ತಪ್ಪಿದೆ ಎಂದು ನನಗೆ ಹೊಳೆದದ್ದೇ ಇಲ್ಲ.

ಹೀಗಿರುವಾಗ ಕಂಪ್ಯೂಟರ್ ಬಂತು. ಅದನ್ನು ತಂದು ಕೂರಿಸಿದವರು ಭಟ್ಕಳದ ಇಮ್ರಾನ್ ಸರ್, ನಮ್ಮ ಕಂಪ್ಯೂಟರ್ ಮಾಸ್ತರು. ಮನೆಯಲ್ಲಿ ನವಾಯತಿ ಮಾತಾಡುವ, ಶಾಲೆಯಲ್ಲಿ ನನಗಿಂತ ಚೊಕ್ಕ ಕನ್ನಡ ಮಾತಾಡುವ ಮನುಷ್ಯ. ಪ್ರತಿ ಪುಸ್ತಕಕ್ಕೆ ಗೆರೆಗೆರೆಯ ಚೀಟಿ ಅಂಟಿಸಬೇಕು, ಮಕ್ಕಳ ಕಾರ್ಡಿಗೂ ಅಂಟಿಸಬೇಕು, ಯಂತ್ರದ ಕೆಂಪು ಬೆಳಕು ತೋರಿಸಿದರೆ ಆಯಿತು ಎಂದರು. ನಾನು ನಂಬಲಿಲ್ಲ. ಒಂದು ವರ್ಷ ಪೂರ್ತಿ, ಅವರು ಆಚೆ ಹೋದ ಕೂಡಲೇ, ಹಳೇ ರಿಜಿಸ್ಟರಿನಲ್ಲೂ ಕದ್ದು ಬರೆದಿಡುತ್ತಿದ್ದೆ. ಒಂದು ದಿನ ಅವರು ನೋಡಿಯೂ ನೋಡದವರಂತೆ ‘ಮೇಡಂ, ಪೆನ್ನಿನ ಶಾಯಿ ಬೇಗ ಮುಗೀತಾ ಇದೆ ಅಲ್ವಾ?’ ಎಂದರು.

ಮಕ್ಕಳ ಹೆಸರು ತುಂಬಿಸುವಾಗ ಪರದೆಯ ಮೇಲೆ ಒಂದು ಚೌಕ ಬರುತ್ತಿತ್ತು: ‘ಒಳಗೆ ಓದಲು ಮಾತ್ರ’. ಪುಸ್ತಕ ಕಳೆದವರಿಗೆ, ಹರಿದವರಿಗೆ ಎಂದು ಇಟ್ಟದ್ದಂತೆ. ನನ್ನ ಬಾಯಿಮಾತಿನ ನಿಯಮಕ್ಕೆ ಅಳತೆ ಕೊಟ್ಟು ಹೊಲಿಸಿದಂತಿದ್ದ ಚೌಕ. ಕಾಸರಕೋಡಿನ ಪ್ರತಿ ಹೆಸರಿನ ಮುಂದೆ ಒಂದೊಂದು ಟಿಕ್ ಹಾಕುತ್ತ ಹೋದೆ. ಆಮೇಲೆ ಅದನ್ನು ಮರೆತೂಬಿಟ್ಟೆ. ಆ ಊರಿನಿಂದ ಯಾರೂ ಪುಸ್ತಕ ಕೇಳಲು ಬರುತ್ತಿರಲಿಲ್ಲ, ನೆನಪಾಗುವ ಪ್ರಸಂಗವೇ ಬರಲಿಲ್ಲ.

ನನ್ನ ಮನಸ್ಸು ಯಂತ್ರಕ್ಕೆ ಒಲಿದದ್ದು ಬೇರೆ ಕಾರಣಕ್ಕೆ. ಕಿಟಕಿಯ ಪಕ್ಕ ಮಕ್ಕಳಿಗಾಗಿಯೇ ಇನ್ನೊಂದು ಕಂಪ್ಯೂಟರ್ ಇಟ್ಟೆವು. ಬೇಕಾದದ್ದನ್ನು ಕನ್ನಡದಲ್ಲಿ ಬರೆದರೆ ಆ ವಿಷಯದ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಅದು ಹೇಳುತ್ತದೆ. ಇಲ್ಲದಿದ್ದರೆ ‘ಸಿಗಲಿಲ್ಲ’ ಎನ್ನುತ್ತದೆ. ಹಾಗೆ ಸಿಗದೆ ಹೋದದ್ದೆಲ್ಲ ಒಂದು ಪಟ್ಟಿಯಾಗಿ ಸಂಜೆ ನನ್ನ ಪರದೆಗೆ ಬರುತ್ತದೆ. ಯಾರು ಹುಡುಕಿದರೆಂದು ಇರುವುದಿಲ್ಲ, ಏನು ಹುಡುಕಿದರು, ಎಷ್ಟು ಹೊತ್ತಿಗೆ ಎಂದಷ್ಟೇ. ಮೊದಲ ದಿನ ಆ ಪಟ್ಟಿ ನೋಡಿ ನಾನು ಕುರ್ಚಿಯಿಂದ ಏಳಲಿಲ್ಲ. ಇಷ್ಟು ವರ್ಷ ಈ ಮಕ್ಕಳು ನನ್ನೆದುರು ‘ಪ್ರಬಂಧದ ಪುಸ್ತಕ ಕೊಡಿ, ಗೈಡು ಕೊಡಿ’ ಎನ್ನುವುದು ಬಿಟ್ಟರೆ ಬೇರೇನೂ ಕೇಳಿದವರಲ್ಲ. ಯಂತ್ರದ ಎದುರು ಕೂತವರೇ ದೆವ್ವದ ವಯಸ್ಸು ಕೇಳುತ್ತಿದ್ದಾರೆ. ಅಡಿಕೆ ತೋಟಕ್ಕೆ ಮಂಗ ನುಗ್ಗುವ ಸಂತೆಗುಳಿಯಿಂದ ಬಂದು ಮಾವನ ಮನೆಯಲ್ಲಿದ್ದು ಓದುವ ಹುಡುಗನದೇ ಇರಬೇಕು, ‘ಮಂಗ ಯಾವ ಸದ್ದಿಗೆ ಹೆದರ್ತದೆ’ ಎಂದೊಂದು. ಪಟ್ಟಿ ಮರುದಿನ ಅಳಿಸಿಹೋಗುತ್ತದೆ ಎಂದರು ಇಮ್ರಾನ್ ಸರ್. ನನಗೆ ತಡೆಯಲಿಲ್ಲ, ಒಂದು ನೋಟುಬುಕ್ಕು ತೆಗೆದು ಬರೆದಿಡಲು ಶುರುಮಾಡಿದೆ. ಬಸ್ ಸ್ಟ್ಯಾಂಡಿನ ಹೆಂಗಸು ಓದಿದ್ದು ಅದನ್ನೇ.

ಕೆಲವು ಪ್ರಶ್ನೆಗಳು ಒಂದೇ ಕೈಯಿಂದ ಬಂದವು ಎಂದು ಬೇಗ ಗೊತ್ತಾಯಿತು. ಮಧ್ಯಾಹ್ನದ ಊಟದ ಬಿಡುವಿನ ಕೊನೆಯ ಐದು ನಿಮಿಷದಲ್ಲಿ, ಯಾವಾಗಲೂ ಮೀನಿನದೇ. ‘ಬಂಗಡೆಗೆ ನಿದ್ದೆ ಬರ್ತದಾ.’ ‘ತಾರ್ಲೆ ಒಂದು ವರ್ಷ ಬಂದು ಇನ್ನೊಂದು ವರ್ಷ ಎಂತಕ್ಕೆ ಬರೂದಿಲ್ಲ.’ ‘ಸಮುದ್ರದ ಅಡಿ ಕತ್ತಲಲ್ಲಿ ಮೀನಿಗೆ ದಾರಿ ಹ್ಯಾಗೆ ಗೊತ್ತಾಗ್ತದೆ.’ ನಾನು ಮರುಳಾದೆ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ‘ನಮ್ಮ ಶಾಲೆಯಿಂದ ಒಬ್ಬ ವಿಜ್ಞಾನಿ ಏಳ್ತಾನೆ, ನೋಡ್ತಾ ಇರಿ’ ಎಂದೆ. ಏಳ್ತಾನೆ ಎಂದೆ, ಗಮನಿಸಿ. ನನ್ನ ಕಲ್ಪನೆಯಲ್ಲಿ ಅವನೊಬ್ಬ ಕನ್ನಡಕದ ಹುಡುಗ, ತಂದೆ ಡಾಕ್ಟರೋ ಪ್ರೊಫೆಸರೋ.

ಆ ವರ್ಷದ ಪುಸ್ತಕ ಖರೀದಿಯಲ್ಲಿ ಹಟ ಹಿಡಿದು ಅರಬ್ಬಿ ಸಮುದ್ರದ ಮೀನುಗಳ ದೊಡ್ಡ ಚಿತ್ರಪುಸ್ತಕವೊಂದನ್ನು ತರಿಸಿದೆ. ಅದರಲ್ಲಿ ಬಂಗಡೆಗೆ ಉದ್ದನೆಯ ಶಾಸ್ತ್ರದ ಹೆಸರಿತ್ತು. ಬಂಗಡೆ ಎಂದು ಹುಡುಕಿದರೆ ಅದು ಹೇಗೆ ಸಿಗಬೇಕು? ಅದಕ್ಕೆ ಯಂತ್ರದಲ್ಲಿ ಆ ಪುಸ್ತಕದ ಜೊತೆ ನಮ್ಮ ಕಡೆಯ ಹೆಸರುಗಳನ್ನೆಲ್ಲ ಕೂತು ಸೇರಿಸಿದೆ. ಬಂಗಡೆ, ತಾರ್ಲೆ, ಶೆಟ್ಲಿ, ಇಸೋಣ. ನೆನಪಾಗದ್ದನ್ನು ಬೆಳಿಗ್ಗೆ ಮೀನು ತರುವವಳ ಹತ್ತಿರ ಕೇಳಿ ಬರೆದುಕೊಂಡೆ. ಆ ಎರಡು ದಿನ ನಾನು ಬಹಳ ಸುಖವಾಗಿದ್ದೆ. ನನ್ನ ಕೆಲಸ ಇದೇ ಎಂದು ಅನ್ನಿಸಿತ್ತು.

ಮೂರನೇ ದಿನ ಊಟದ ಬಿಡುವಿನ ಕೊನೆಗೆ ಕಿಟಕಿಯ ಪಕ್ಕದಿಂದ ಒಬ್ಬಳು ಹುಡುಗಿ ಎದ್ದು, ನೇರ ಕಪಾಟಿಗೆ ಹೋಗಿ, ಆ ಪುಸ್ತಕವನ್ನು ಎರಡು ಕೈಯಲ್ಲಿ ಎತ್ತಿಕೊಂಡು ನನ್ನ ಮೇಜಿಗೆ ಬಂದಳು. ಒಂಬತ್ತನೇ ಕ್ಲಾಸಿನ ಅಕ್ಷತಾ. ಗಟ್ಟಿ ಮಾತಾಡಿದ್ದನ್ನು ನಾನು ಕೇಳಿರದ ಹುಡುಗಿ. ನನ್ನ ವಿಜ್ಞಾನಿ ಇವಳು ಎಂದು ಅರ್ಥವಾದ ಕ್ಷಣ ನಕ್ಕೆ. ಅವಳೂ ನಕ್ಕಳು. ಕಾರ್ಡು ತೆಗೆದುಕೊಂಡು ಕೆಂಪು ಬೆಳಕಿಗೆ ಹಿಡಿದೆ.

ಪರದೆ ಕೆಂಪಾಯಿತು. ಮಕ್ಕಳಿಗೂ ಕಾಣಲೆಂದು ಇಮ್ರಾನ್ ಸರ್ ಆ ಪರದೆಯನ್ನು ಓರೆಯಾಗಿ ತಿರುಗಿಸಿ ಇಟ್ಟಿದ್ದರು. ಅಕ್ಷತಾ ಅದನ್ನು ನಿಧಾನ ಓದಿದಳು. ‘ಕಾಸರಕೋಡ. ಒಳಗೆ ಓದಲು ಮಾತ್ರ. ಮನೆಗೆ ಪುಸ್ತಕ ಕೊಡಬಾರದು.’ ಅವಳ ಹಿಂದೆ ಸಾಲಿನಲ್ಲಿದ್ದ ನಾಲ್ಕು ಮಕ್ಕಳೂ ಓದಿದರು.

ಆಗ ನಾನು ಏನು ಹೇಳಬಹುದಿತ್ತು? ಏನೇನೋ ಹೇಳಬಹುದಿತ್ತು. ನಾನು ಹೇಳಿದ್ದು, ಕಚೇರಿ ಕಚೇರಿಗಳಲ್ಲಿ ನೀವೂ ನಾನೂ ಕೇಳಿ ಕೇಳಿ ಸುಸ್ತಾದ ಅದೇ ಮಾತನ್ನು.

‘ಸರ್ವರ್ ಇಲ್ಲ, ಮಗಾ. ಹಾಗಾಗಿ ಎಂತೆಂತದೋ ತೋರಿಸ್ತದೆ. ನಾಳೆ ಬಾ.’

‘ಆತು ಅಕ್ಕೋರೇ’ ಎಂದಳು. ಪುಸ್ತಕವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಹೋದಳು.

ಸಂಜೆ ಇಮ್ರಾನ್ ಸರ್ ಬಂದರು. ಸರ್ವರ್ ಹೋಯಿತಂತೆ ಎಂದು ಸಾಲಿನಲ್ಲಿದ್ದ ಯಾರೋ ಅವರಿಗೆ ಸುದ್ದಿ ಮುಟ್ಟಿಸಿದ್ದರು. ‘ಮೇಡಂ, ನಮ್ಮಲ್ಲಿ ಸರ್ವರ್ ಇದ್ದದ್ದು ಯಾವಾಗ? ಇದು ಈ ಎರಡು ಡಬ್ಬಿಯ ನಡುವೆಯೇ ನಡೆಯೋದಲ್ವಾ’ ಎನ್ನುತ್ತ ಕೂತು ಏನೇನೋ ಒತ್ತಿದರು. ಪರದೆಯ ಮೇಲೆ ಮೂವತ್ತೊಂದು ಹೆಸರಿತ್ತು, ಎಲ್ಲವೂ ಕಾಸರಕೋಡಿನವು. ಪ್ರತಿಯೊಂದರ ಮುಂದೆ ಟಿಕ್ ಹಾಕಿದವರು ಯಾರೆಂಬ ಜಾಗದಲ್ಲಿ ನನ್ನ ಹೆಸರು. ಅವರು ಬೈದಿದ್ದರೆ ಒಳ್ಳೆಯದಿತ್ತು. ‘ಎಲ್ಲ ಒಟ್ಟಿಗೆ ತೆಗೀಲಾ ಮೇಡಂ? ಒಂದೇ ಬಟನ್’ ಎಂದು ಕೇಳಿದರು ಅಷ್ಟೇ. ಬೇಡ, ನಾನೇ ಒಂದೊಂದಾಗಿ ತೆಗೆಯುತ್ತೇನೆ ಎಂದೆ. ತೆಗೆದೆ. ಮೂವತ್ತೊಂದು ಹೆಸರನ್ನೂ ಬಾಯಿಬಿಟ್ಟು ಓದಿದೆ. ಅದರಲ್ಲಿ ಎಷ್ಟೋ ಹೆಸರಿಗೆ ನನಗೆ ಮುಖ ನೆನಪಾಗಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಮರುದಿನ ಅಕ್ಷತಾ ಬರಲಿಲ್ಲ. ಅದರ ಮರುದಿನವೂ ಇಲ್ಲ. ಶಾಲೆಗೆ ಬರುತ್ತಿದ್ದಳು, ಗ್ರಂಥಾಲಯಕ್ಕೆ ಇಲ್ಲ. ಸಂಜೆಯ ಪಟ್ಟಿಯಲ್ಲಿ ದೆವ್ವ ಇತ್ತು, ಗೊರಕೆ ಇತ್ತು, ಮೀನು ಒಂದೂ ಇರಲಿಲ್ಲ. ಒಂದು ವಾರ ಕಾದೆ. ಕರೆಸಿ ಕೊಡಬಹುದಿತ್ತು. ಆದರೆ ಕರೆಸಿದರೆ ಅವಳು ಮತ್ತೆ ‘ಆತು ಅಕ್ಕೋರೇ’ ಎಂದು ತೆಗೆದುಕೊಂಡು ಹೋಗುತ್ತಾಳೆ, ನನ್ನ ಸುಳ್ಳು ಹಾಗೇ ಉಳಿಯುತ್ತದೆ. ನನಗೆ ಅದು ಬೇಡವಾಗಿತ್ತು. ಆ ಪುಸ್ತಕ ಅವಳ ಕೈಗೆ ಹೋಗಬೇಕು, ಯಾರು ತಡೆದದ್ದು ಎಂದು ಅವಳಿಗೆ ನನ್ನ ಬಾಯಿಂದಲೇ ತಿಳಿಯಬೇಕು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಪುಸ್ತಕವನ್ನು ಬಗಲಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ಫೋನಿನಿಂದಲೇ ಪುಸ್ತಕ ಕೊಟ್ಟು, ಸೋಮವಾರ ಅದನ್ನು ಯಂತ್ರಕ್ಕೆ ಸೇರಿಸುವ ವ್ಯವಸ್ಥೆಯನ್ನು ಇಮ್ರಾನ್ ಸರ್ ಮಾಡಿಕೊಟ್ಟಿದ್ದರು. ‘ಅಲ್ಲಿ ಮಾತ್ರ ಸರ್ವರ್ ಇಲ್ಲ ಅನ್ಬೇಡಿ’ ಎಂದು ಕಳಿಸಿದರು. ಶರಾವತಿ ಸೇತುವೆ ದಾಟಿ ಕಾಸರಕೋಡಿನಲ್ಲಿ ಇಳಿದೆ. ಇಷ್ಟು ವರ್ಷ ಹೊನ್ನಾವರದಲ್ಲಿ ಕೆಲಸ ಮಾಡಿ, ಹೊಳೆಯಾಚೆ ಕಾಣುವ ಈ ಊರಿನ ಒಂದು ಮನೆಯ ಬಾಗಿಲಿಗೂ ಹೋದವಳಲ್ಲ ನಾನು.

ಅಕ್ಷತಾ ಮೀನು ಒಣಗಿಸುವ ಕಡೆ ಇದ್ದಳು. ನೆಲದಿಂದ ಎತ್ತರಕ್ಕೆ ಕಟ್ಟಿದ ಬಲೆಯ ಮೇಲೆ ಸಾಲಾಗಿ ಮೀನು. ತಾಯಿ ಸವಿತಾ ಒಂದು ಕಡೆಯಿಂದ, ಇವಳು ಇನ್ನೊಂದು ಕಡೆಯಿಂದ ಒಂದೊಂದನ್ನೇ ಮಗುಚುತ್ತ ಬರುತ್ತಿದ್ದರು. ನಾನು ಪುಸ್ತಕಗಳನ್ನು ಬಿಸಿಲಿಗೆ ಹಾಕಿದಾಗ ಇಷ್ಟು ಜಾಗ್ರತೆಯಿಂದ ಮಗುಚಿದ್ದಿಲ್ಲ. ಶಾಲೆ ಬಿಟ್ಟ ಮೇಲೆ ದಿನವೂ ಇವಳಿಗೆ ಈ ಕೆಲಸವಂತೆ. ಶಾಲೆಯಲ್ಲಿ ಕೂತು ಓದಲು ಅವಳಿಗೆ ಸಮಯ ಎಲ್ಲಿತ್ತು? ಊಟದ ಬಿಡುವಿನ ಕೊನೆಯ ಐದು ನಿಮಿಷ ಮಾತ್ರ.

ನನ್ನನ್ನು ಕಂಡು ಸವಿತಾ ಗಾಬರಿಯಾದರು. ‘ಅಕ್ಕೋರೇ, ಇಷ್ಟು ದೂರ! ಹುಡುಗಿ ಶಾಲೆಲಿ ಎಂತಾದ್ರೂ ತಪ್ಪು ಮಾಡಿದ್ಲಾ?’

‘ಅವಳು ಮಾಡಲಿಲ್ಲ, ಸವಿತಾ. ನಾನು ಮಾಡಿದ್ದು.’

ಬಸ್ಸಿನಲ್ಲಿ ಒಳ್ಳೊಳ್ಳೆ ಮಾತು ಜೋಡಿಸಿಕೊಂಡು ಬಂದಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಅಕ್ಷತಾಳನ್ನು ನೋಡಿ, ‘ಸರ್ವರ್ ಇಲ್ಲ ಅಂದದ್ದು ಸುಳ್ಳು. ಯಂತ್ರ ಸರಿ ಇತ್ತು. ನಿಮ್ಮ ಊರಿನ ಮಕ್ಕಳಿಗೆ ಪುಸ್ತಕ ಕೊಡಬಾರದು ಅಂತ ಅದಕ್ಕೆ ಹೇಳಿಕೊಟ್ಟವಳು ನಾನೇ’ ಎಂದೆ.

ಅವಳು ಕೈಯಲ್ಲಿದ್ದ ಮೀನನ್ನು ಮಗುಚಿ ಇಟ್ಟಳು. ‘ನಂಗೆ ಗೊತ್ತಿತ್ತು ಅಕ್ಕೋರೇ. ಆದ್ರೂ ಆ ಪುಸ್ತಕ ಕಂಡು ಆಸೆ ಆತು.’

‘ಗೊತ್ತಿತ್ತಾ? ಯಾರು ಹೇಳಿದ್ರು?’

‘ಅಣ್ಣ. ಅವನೂ ನಮ್ಮ ಶಾಲೆಗೇ ಬಂದವ ಅಲ್ದಾ. ನಾ ಎಂಟನೇತ್ತಿಗೆ ಸೇರುವಾಗಲೇ ಹೇಳಿದ್ದ, ಅಕ್ಕೋರ ಹತ್ರ ಪುಸ್ತಕ ಕೇಳಬೇಡ, ನಮಗೆ ಕೊಡೂದಿಲ್ಲ ಅಂತ.’ ಇನ್ನೊಂದು ಮೀನು ಮಗುಚಿದಳು. ‘ಅದ್ಕೇ ನಾ ಕಂಪ್ಯೂಟರಿನ ಹತ್ರ ಕೇಳ್ತಿದ್ದದ್ದು.’

ಸಿಟ್ಟಿನಲ್ಲಿ ಹೇಳಿದ್ದಲ್ಲ. ದಾರಿಯಲ್ಲಿ ಕೆಸರಿದೆ, ಆಚೆಯಿಂದ ಬಂದೆ ಎನ್ನುವಷ್ಟು ಸಹಜವಾಗಿ ಹೇಳಿದಳು. ನಾನು ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಓದಿದ ಪ್ರಶ್ನೆಗಳು, ನನ್ನ ಗ್ರಂಥಾಲಯಕ್ಕೆ ಸಿಕ್ಕ ಬಹುಮಾನ ಎಂದುಕೊಂಡಿದ್ದ ಪ್ರಶ್ನೆಗಳು, ನನ್ನನ್ನು ತಪ್ಪಿಸಿ ಹೋಗಲು ಒಂದು ಮಗು ಹಿಡಿದ ದಾರಿಯಾಗಿತ್ತು. ನನಗೆ ಅಳು ಬಂತು. ಅವರಿಬ್ಬರ ಎದುರೇ ಅತ್ತುಬಿಟ್ಟೆ. ಸವಿತಾ ಒಂದು ಸ್ಟೂಲು ತಂದಿಟ್ಟರು.

ಆಮೇಲೆ ಫೋನು ತೆಗೆದು ಪುಸ್ತಕಕ್ಕೆ ಹಿಡಿದೆ, ಅವಳ ಕಾರ್ಡಿಗೆ ಹಿಡಿದೆ. ಹಸಿರು ಬಂತು. ಅವಳು ಸಾಬೂನು ಹಾಕಿ ಮೊಣಕೈ ತನಕ ತೊಳೆದು, ಒರೆಸಿ, ಮೂಸಿ ನೋಡಿ, ಮತ್ತೊಮ್ಮೆ ತೊಳೆದು ಬಂದಳು. ಅದನ್ನು ನೋಡಲಿಕ್ಕೂ ನನಗೆ ನಾಚಿಕೆಯಾಯಿತು. ಜಗಲಿಯ ಮೇಲೆ ಕೂತು ಪುಸ್ತಕ ತೆರೆದದ್ದೇ ಸವಿತಾ ಹೆಗಲ ಮೇಲಿಂದ ಬಗ್ಗಿ ಬಂಗಡೆಯ ಚಿತ್ರ ನೋಡಿ, ‘ಇದು ಸತ್ತು ಬಹಳ ಹೊತ್ತಾದ ಮೇಲೆ ತೆಗೆದ ಫೋಟೋ. ಜೀವ ಇದ್ದಾಗ ಬೆನ್ನು ಹೀಗೆ ಮಂಕಾಗಿ ಇರೂದಿಲ್ಲ’ ಎಂದರು. ಅಷ್ಟು ದುಡ್ಡು ಕೊಟ್ಟ ಪುಸ್ತಕದ ತಪ್ಪು ಒಂದೇ ನೋಟಕ್ಕೆ ಸಿಕ್ಕಿತು. ಅಕ್ಷತಾ ಜೋರಾಗಿ ನಕ್ಕಳು. ಅವಳ ನಗೆಗೆ ಅಷ್ಟು ದೊಡ್ಡ ಸದ್ದಿದೆ ಎಂದು ನನಗೆ ಗೊತ್ತಿರಲಿಲ್ಲ.

ಬಸ್ಸಿನ ತನಕ ಬಿಡಲು ಬಂದಳು. ಹೆದ್ದಾರಿಯ ಬದಿಗೆ ಇಬ್ಬರೂ ನಿಂತೆವು. ಏನೋ ಕೇಳಬೇಕೆಂದು ಅವಳು ಎರಡು ಸಲ ಬಾಯಿ ತೆರೆದು ಮುಚ್ಚಿದಳು.

‘ಅಕ್ಕೋರೇ, ಇನ್ನೊಂದು ಪುಸ್ತಕ ಕೊಡ್ತ್ರಾ?’

‘ಕೊಡ್ತೆ. ಯಾವುದು ಬೇಕು?’

‘ನಂಗಲ್ಲ. ಅಣ್ಣಂಗೆ. ಅವ ಈಗ ಬೋಟಿಗೆ ಹೋಗ್ತ. ಆಗ ನಿಮ್ಮ ಎದುರೇ ಕೂತು ಒಂದು ಕಥೆ ಪುಸ್ತಕ ಅರ್ಧ ಓದಿದ್ನಂತೆ. ಉಳಿದದ್ದು ಓದೂಕೆ ಆಗಲೇ ಇಲ್ಲ ಅಂತ ಈಗಲೂ ಹೇಳ್ತ. ಶಾಲೆ ಬಿಟ್ಟವರಿಗೆ ಕೊಡೂಕೆ ಬರ್ತದಾ?’

ಬರುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಯಂತ್ರದಲ್ಲಿ ಅಂಥವರಿಗೆ ಜಾಗವೂ ಇರಲಿಲ್ಲ. ಕೊಡ್ತೆ ಎಂದೆ. ಕೈಚೀಲದಿಂದ ಪೆನ್ನು ತೆಗೆದೆ. ಬರೆಯಲು ಹೊರಟಾಗ ಕೈ ನಿಂತಿತು. ಮೂರು ವರ್ಷ ನಮ್ಮ ಶಾಲೆಯಲ್ಲಿದ್ದು, ನನ್ನ ಮೇಜಿನ ಎದುರೇ ಕೂತು ಓದಿ ಹೋದ ಹುಡುಗ ಅವನು.

‘ಅಣ್ಣನ ಹೆಸರು ಎಂತ, ಅಕ್ಷತಾ?’ ಎಂದು ಕೇಳಿದೆ.